ಕಾರ್ಯಕ್ರಮದ ದಿನ ನಮಗೋಸ್ಕರ ನಿಲ್ಲಲ್ಲ

ಸಂಪಾದಕರಿಗೆ ನಮಸ್ಕಾರ,

ಫಾರಿನ್ ಟೂರ್ ಬಗ್ಗೆ ಪೇಪರಲ್ಲಿ ಬೇಕಾದಷ್ಟು ಬರುತ್ತೆ, ಆದ್ರೆ ಮದುವೆಗೋ ಸಮ್ಮೇಳನಕ್ಕೋ ಮಕ್ಕಳ ಘಟಿಕೋತ್ಸವಕ್ಕೋ ಅಂತ ಬೇರೆ ದೇಶಕ್ಕೆ ಅತಿಥಿಯಾಗಿ ಹೋಗೋರಿಗೆ ಬೇಕಾದ ವಿಷಯ ಕಾಣೋದು ಕಮ್ಮಿ, ಅದಕ್ಕೇ ಬರೀತಿದೀನಿ. ಟೂರ್ ಆದ್ರೆ ಒಂದು ದಿನ ತಡವಾದ್ರೂ ಬೆಟ್ಟ, ಸಮುದ್ರ ಅಲ್ಲೇ ಇರುತ್ತೆ. ಕಾರ್ಯಕ್ರಮ ಹಾಗಲ್ಲ, ಹೇಳಿದ ದಿನ ಹೇಳಿದ ಹೊತ್ತಿಗೆ ನಡೆದುಹೋಗುತ್ತೆ.

ನನ್ನ ತಂಗಿ ಮಗಳ ಘಟಿಕೋತ್ಸವಕ್ಕೆ ನಾನು ಹಿಂದಿನ ರಾತ್ರಿ ತಲುಪೋ ಹಾಗೆ ಟಿಕೆಟ್ ಮಾಡಿಸಿದ್ದೆ, ಅದೂ ದುಡ್ಡು ಉಳಿಯುತ್ತೆ ಅಂತ ಎರಡು ವಿಮಾನಕ್ಕೆ ಬೇರೆ ಬೇರೆ ಬುಕಿಂಗ್. ಮೊದಲನೇ ಫ್ಲೈಟ್ ಮೂರು ಗಂಟೆ ಲೇಟು, ಎರಡನೇದು ಹೋಗೇಬಿಡ್ತು, ಕೌಂಟರಲ್ಲಿ ಕೇಳಿದ್ರೆ ನೀವು ಬರದೇ ಇದ್ದಿದ್ದಕ್ಕೆ ಟಿಕೆಟ್ ಕ್ಯಾನ್ಸಲ್ ಆಗಿದೆ, ಹೊಸದು ತಗೊಳ್ಳಿ ಅಂದ್ರು. ನಾನು ಹೋಗಿ ಸೇರೋ ಹೊತ್ತಿಗೆ ಹಾಲ್‌ನಲ್ಲಿ ಕುರ್ಚಿ ಎತ್ತಿಡ್ತಿದ್ರು, ಆ ಹುಡುಗಿ ಗೌನ್ ಕೂಡ ವಾಪಸ್ ಕೊಡದೆ ನಾನು ನೋಡ್ಲಿ ಅಂತ ಬಾಗಿಲಲ್ಲಿ ಕಾಯ್ತಾ ನಿಂತಿದ್ಲು. ಇವತ್ತಿಗೂ ನೆನೆಸ್ಕೊಂಡ್ರೆ ಹೊಟ್ಟೆ ಚುರ್ ಅನ್ನುತ್ತೆ.

ಆವತ್ತಿಂದ ಯಾರು ಕೇಳಿದ್ರೂ ನಾನು ಹೇಳೋದಿಷ್ಟೇ, ಕಾರ್ಯಕ್ರಮದ ದಿನದಿಂದ ಹಿಂದಕ್ಕೆ ಎಣಿಸ್ಕೊಂಡು ಬನ್ನಿ. ಎರಡು ದಿನ ಮುಂಚೆ ಅಲ್ಲಿರ್ಬೇಕು. ಎಲ್ಲಾ ವಿಮಾನ ಒಂದೇ ಬುಕಿಂಗಲ್ಲಿದ್ರೆ ಮೊದಲನೇದು ತಡವಾಗಿ ಮುಂದಿನದು ತಪ್ಪಿದ್ರೂ ಕಂಪನಿಯೇ ಬೇರೆ ವಿಮಾನದಲ್ಲಿ ಕಳಿಸುತ್ತೆ, ಬೇರೆ ಬೇರೆ ಇದ್ರೆ ನಷ್ಟ ಪೂರ್ತಿ ನಮ್ದು. ಇನ್ನೊಂದು, ಟಿಕೆಟಲ್ಲಿರೋ ಟೈಮು ಆಯಾ ಊರಿನ ಟೈಮು. 15ನೇ ತಾರೀಕು 00:30ಕ್ಕೆ ವಿಮಾನ ಅಂದ್ರೆ ಮನೆ ಬಿಡೋದು 14ರ ಸಂಜೆನೇ, ಇದೊಂದನ್ನ ತಪ್ಪು ತಿಳ್ಕೊಂಡು ಒಂದು ದಿನ ಆದ್ಮೇಲೆ ಏರ್‌ಪೋರ್ಟಿಗೆ ಹೋದೋರಿದಾರೆ. ಯುರೋಪಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಆಚೀಚೆ ಮಾಡ್ತಾರೆ, ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ, ನವೆಂಬರ್ ಮೊದಲನೇ ಭಾನುವಾರ, ಸಮಾರಂಭ ಆ ದಿನಾನೇ ಬಿದ್ರೆ ಹುಷಾರಾಗಿರಿ.

ಇನ್ನೂ ಹಿಂದಕ್ಕೆ ಎಣಿಸಿದ್ರೆ ವೀಸಾ. ಯುರೋಪಿನ ಬಹಳಷ್ಟು ದೇಶಗಳಿಗೆ ಒಂದೇ ಆಗಿ ನಡೆಯೋ ಷೆಂಗೆನ್ ವೀಸಾಗೆ ಪ್ರಯಾಣಕ್ಕೆ 6 ತಿಂಗಳ ಮುಂಚಿಂದ ಅರ್ಜಿ ಹಾಕ್ಬಹುದು, ಕೊನೇ ಪಕ್ಷ 15 ದಿನ ಮುಂಚೆ ಹಾಕ್ಲೇಬೇಕು, ಆದ್ರೆ ವೀಸಾ ಕೊಡೋರು ಇನ್ನೂ ನೋಡ್ಬೇಕು ಅಂದ್ರೆ 45 ದಿನದವರೆಗೂ ಎಳೀಬಹುದು, ಆದ್ದರಿಂದ 15 ದಿನ ಅನ್ನೋದನ್ನ ನಂಬ್ಕೊಂಡು ಕೂರ್ಬೇಡಿ. ಕನಿಷ್ಠ 30,000 ಯೂರೋದ ಮೆಡಿಕಲ್ ಇನ್ಶೂರೆನ್ಸ್ ಬೇಕು. ಪಾಸ್‌ಪೋರ್ಟ್ 10 ವರ್ಷದೊಳಗೆ ಕೊಟ್ಟಿದ್ದಾಗಿರ್ಬೇಕು, ಅಲ್ಲಿಂದ ಹೊರಡೋ ದಿನ ಆದ್ಮೇಲೂ 3 ತಿಂಗಳು ಚಾಲ್ತಿಯಲ್ಲಿರ್ಬೇಕು, ಬೇರೆ ಎಷ್ಟೋ ದೇಶಗಳು 6 ತಿಂಗಳು ಕೇಳ್ತವೆ. ದಾರಿಯಲ್ಲಿ ಬರೀ ವಿಮಾನ ಬದಲಾಯಿಸೋ ದೇಶಕ್ಕೂ ಟ್ರಾನ್ಸಿಟ್ ವೀಸಾ ಬೇಕಾಗ್ಬಹುದು, ಅದನ್ನ ಟಿಕೆಟ್ ಮಾಡೋಕೆ ಮುಂಚೆನೇ ನೋಡಿ. ಹಳದಿ ಜ್ವರದ ಲಸಿಕೆ ಕೇಳೋ ದೇಶಕ್ಕೆ ಹೋಗೋದಾದ್ರೆ ಆ ಸರ್ಟಿಫಿಕೇಟ್ ಚಾಲ್ತಿಗೆ ಬರೋದೇ ಚುಚ್ಚಿಸ್ಕೊಂಡ 10 ದಿನ ಆದ್ಮೇಲೆ. ಸಮ್ಮೇಳನದಲ್ಲಿ ಭಾಷಣ, ಹಾಡು ಅಂತ ಹೋಗೋರು ಸಂಭಾವನೆ ಸಿಗೋದಿದ್ರೆ ಅರ್ಜಿಯಲ್ಲೇ ನಿಜ ಬರೀರಿ, ಟೂರಿಸ್ಟ್ ವೀಸಾದಲ್ಲಿ ಅದಕ್ಕೆ ಅವಕಾಶ ಇಲ್ಲದೇ ಇರಬಹುದು.

ಲಗೇಜ್ ವಿಷಯ. ಸಮಾರಂಭಕ್ಕೆ ಹಾಕ್ಕೊಳೋ ಬಟ್ಟೆ, ಔಷಧಿ, ಕೊಡೋ ಉಡುಗೊರೆ ಮೂರೂ ಕೈಚೀಲದಲ್ಲೇ ಇರ್ಲಿ, ದೊಡ್ಡ ಸೂಟ್‌ಕೇಸ್ ಎರಡು ದಿನ ಆದ್ಮೇಲೆ ಬಂದ್ರೂ ಕಾರ್ಯಕ್ರಮಕ್ಕೆ ಏನೂ ತೊಂದ್ರೆ ಆಗಲ್ಲ. ಉಡುಗೊರೆಗೆ ಚಂದದ ಪೇಪರ್ ಸುತ್ತೋದು ಅಲ್ಲಿಗೆ ಹೋದ್ಮೇಲೆ, ಯಾಕಂದ್ರೆ ಚೆಕ್ಕಿಂಗಲ್ಲಿ ಬಿಚ್ಚಿಸ್ತಾರೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರ್ಬೇಕು, ಸಾಮಾನ್ಯವಾಗಿ 100 ವ್ಯಾಟ್ ಅವರ್‌ (Wh, ಬ್ಯಾಟರಿ ಎಷ್ಟು ಶಕ್ತಿ ಹಿಡಿಯುತ್ತೆ ಅನ್ನೋ ಅಳತೆ) ವರೆಗೆ ಬಿಡ್ತಾರೆ. ಔಷಧಿಗೆ ಡಾಕ್ಟರ ಚೀಟಿ ಇರ್ಲಿ, ಡಬ್ಬಿ ಬದಲಾಯಿಸ್ಬೇಡಿ. ನಮಗೆ ಮಾಮೂಲಿ ಅನ್ಸೋ ನೆಗಡಿ ಮಾತ್ರೆಯಲ್ಲಿ ಸೂಡೋಎಫೆಡ್ರಿನ್ (ಕಟ್ಟಿದ ಮೂಗು ಬಿಡಿಸೋ ಔಷಧಿ) 10 ಪರ್ಸೆಂಟಿಗಿಂತ ಜಾಸ್ತಿ ಇದ್ರೆ ಜಪಾನ್‌ಗೆ ತಗೊಂಡು ಹೋಗೋ ಹಾಗೇ ಇಲ್ಲ. ಸೂಟ್‌ಕೇಸ್ ಬರ್ಲಿಲ್ಲ ಅಂದ್ರೆ ಸುಸ್ತಾಗಿದೆ ನಾಳೆ ನೋಡೋಣ ಅಂತ ಹೊರಗೆ ಬರ್ಬೇಡಿ, ಏರ್‌ಪೋರ್ಟಲ್ಲೇ ದೂರು ಬರೆಸಿ ನಂಬರ್ ಇಸ್ಕೊಳ್ಳಿ. ವಿಮಾನ ಪ್ರಯಾಣದ ನಷ್ಟಪರಿಹಾರಕ್ಕೆ ದೇಶಗಳು ಮಾಡ್ಕೊಂಡಿರೋ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಸಾಮಾನು ಹಾಳಾಗಿದ್ರೆ 7 ದಿನದೊಳಗೆ, ತಡವಾಗಿ ಸಿಕ್ಕಿದ್ರೆ ಕೈಗೆ ಬಂದ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡ್ಬೇಕು, ಅಲ್ಲೀವರೆಗೆ ಕೊಂಡ ಬಟ್ಟೆಬರೆಯ ಬಿಲ್ ಎಸೀಬೇಡಿ.

ಕಾರ್ಡ್ ಉಜ್ಜುವಾಗ ನಿಮ್ಮ ದೇಶದ ದುಡ್ಡಲ್ಲಿ ತಗೊಳ್ಲಾ ಅಂತ ಮಷೀನ್ ಕೇಳಿದ್ರೆ ಬೇಡ ಅನ್ನಿ, ಆ ರೇಟು ಸಾಮಾನ್ಯವಾಗಿ ದುಬಾರಿ.

ಕೊನೇದಾಗಿ ಕರೆಯೋರಿಗೂ ಒಂದು ವಿನಂತಿ. ಆಮಂತ್ರಣ ಆಮೇಲೆ ಕಳಿಸಿದ್ರೂ ಪರವಾಗಿಲ್ಲ, ತಾರೀಕು ಮಾತ್ರ ಆರು ತಿಂಗಳ ಮುಂಚೆ ಹೇಳಿ. ವೀಸಾಗೆ ತೋರಿಸೋ ಪತ್ರದಲ್ಲಿ ನಿಮ್ಮ ಪೂರ್ತಿ ಹೆಸರು, ವಿಳಾಸ, ಅತಿಥಿ ನಿಮಗೇನಾಗ್ಬೇಕು, ಯಾವತ್ತಿಂದ ಯಾವತ್ತಿನವರೆಗೆ ಇರ್ತಾರೆ, ಖರ್ಚು ಯಾರದ್ದು ಅಂತ ಬಿಡಿಸಿ ಬರೀರಿ, ಹೆಸರಿನ ಸ್ಪೆಲಿಂಗ್ ಪಾಸ್‌ಪೋರ್ಟಲ್ಲಿ ಇದ್ದ ಹಾಗೇ ಇರ್ಲಿ. ಹಾಲ್‌ನ ವಿಳಾಸ ಅಲ್ಲಿನ ಲಿಪಿಯಲ್ಲೂ ಬರೆದು ಕಳಿಸಿದ್ರೆ ವಯಸ್ಸಾದೋರು ಒಬ್ಬರೇ ಬಂದ್ರೂ ಟ್ಯಾಕ್ಸಿಯವರಿಗೆ ತೋರಿಸಿ ಬಂದು ಸೇರ್ತಾರೆ. ನಿಮ್ಮ ನಂಬರ್ ಜೊತೆಗೆ ಸಮಾರಂಭದ ದಿನ ಬಿಡುವಾಗಿರೋ ಇನ್ನೊಬ್ಬರ ನಂಬರೂ ಕೊಡಿ, ಯಾಕಂದ್ರೆ ಆವತ್ತು ನೀವಂತೂ ಫೋನ್ ಎತ್ತೋಕಾಗಲ್ಲ.

ಇಂತಿ,
ನಿಮ್ಮ ಓದುಗ