ಅರವತ್ತಾರು ಆವರ್ತನ

ಶಹಾಪುರ, ಬೆಳಗಾವಿ

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಹೋದ ಮ್ಯಾಲ ನಾಕು ದಿನ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಐತವಾರದ ಮಾತು ಇಲ್ಲಿ ಬರಿಯೂದಿಲ್ಲ, ಇಬ್ಬರಿಗೂ ನೆನಪೈತಿ. ನಿನ್ನೆ ನಿಮ್ಮ ಬ್ಯಾಂಡಿನಾಗ ನೀ ತಬಲಾ ಬಾರಿಸಿದ ರೆಕಾರ್ಡಿಂಗ್ ಬಂತು, ಮುಂದಿನ ಶನಿವಾರ ಕಾರ್ಯಕ್ರಮ ಅನ್ನೂದೂ ತಿಳೀತು. ಫೋನಿನಾಗ ಹೇಳಾಕ ಹೋದ್ರ ಮತ್ತ ನನ್ನ ದನಿ ಏರತೈತಿ. ಅದಕ್ಕ ಬರದು ಕಳಸಾಕತ್ತೀನಿ.

ನೀ ಕೇಳಿಸಿದ ಹಾಡಿಗೆ 'ಗ್ರಾಮೋಫೋನ್ ತಟ್ಟಿ ಸಿಕ್ಕೊಂಡಂಗ ಆಗೇತಿ' ಅಂದಿದ್ದು ನನ್ನ ತಪ್ಪು. ಸಿಕ್ಕೊಂಡಿದ್ದು ಹಾಡಲ್ಲ, ನನ್ನ ಎಣಿಕಿ. ಎಲ್ಲಾರೂ ಕೂಡಿ ಹದಿನಾರು ಮಾತ್ರೆಕ್ಕೊಮ್ಮೆ, ಅಂದ್ರ ತಾಳದ ಹದಿನಾರು ಎಣಿಕಿಗೊಮ್ಮೆ, ಬಂದು ಬೀಳತಾರ ಅಂತ ನಾ ದಾರಿ ಕಾಯಾಕತ್ತಿದ್ದೆ. ಅವರು ಬೀಳಲಿಲ್ಲ, ನನಗ ಸಿಟ್ಟು ಬಂತು.

ನೀ ಬಿಟ್ಟು ಹೋದ ಪಟ್ಟಿಯಾಗಿನ ರೋನಿನ್ ತಂಡದ್ದು ಕೇಳಿದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಊರಿನ ಪಿಯಾನೊ ವಾದಕ ನಿಕ್ ಬೇರ್ಚ್ ಅವರು 2001ರಾಗ ಕಟ್ಟಿದ ತಂಡ. 2006ರಾಗ ಇಸಿಎಂ ಅನ್ನೂ ರೆಕಾರ್ಡ್ ಕಂಪನಿ ಹೊರಗ ತಂದ 'ಸ್ಟೋವಾ' ಆಲ್ಬಮ್ಮಿನಾಗ ಐದ ಐದು ತುಣುಕು, ಒಂದಕ್ಕೂ ಹೆಸರಿಲ್ಲ, ಬರೇ ಮೋಡುಲ್ ಅಂತ ನಂಬರು. ಮೊದಲನೇದ 15 ನಿಮಿಷದಷ್ಟು ಐತಿ. ಪಿಯಾನೊ, ಬಾಸ್, ಡ್ರಮ್, ಬಾಸ್ ಕ್ಲಾರಿನೆಟ್, ತಾಳವಾದ್ಯ. ಪಿಯಾನೊದ ತಂತಿ ಕೈಲೆ ಅದುಮಿ ಬಾರಿಸಿದಾಗ ಅದೂ ತಬಲಾದ ಎಡಗೈ ಡಗ್ಗಾ ಆಗಿಬಿಡತೈತಿ. ಒಬ್ಬರೂ ಎದ್ದು ನಿಂತು ನಂದು ಕೇಳ್ರಿ ಅನ್ನೂದಿಲ್ಲ. ಜ್ಯೂರಿಕ್‌ನಾಗ ವರ್ಷಗಟ್ಟಲೆ ಸೋಮವಾರಕ್ಕೊಮ್ಮೆ ಕುಂತು ಬಾರಿಸ್ಯಾರಂತ, ನಮ್ಮ ಗುಡಿಯಾಗಿನ ಸೋಮವಾರದ ಭಜನಿ ಇದ್ದಂಗ. ಅದು ತಿಳಿದ ಮ್ಯಾಲ ನನಗ ಅವರ ಮ್ಯಾಲ ವಿಶ್ವಾಸ ಬಂತು.

ತಮ್ಮ ಸಂಗೀತಕ್ಕ ಅವರು 'ಝೆನ್-ಫಂಕ್' ಅಂತಾರ. ಝೆನ್ ಅಂದ್ರ ನಾ ಕಣ್ಣು ಮುಚ್ಚಿಸೋ ಮೆತ್ತನ ಸಂಗೀತ ಅಂತ ತಿಳಕೊಂಡಿದ್ದೆ. ಹಂಗಲ್ಲ. ಝೆನ್ ಅನ್ನೂ ಜಪಾನಿ ಬೌದ್ಧ ಪಂಥದ ಮಂದಿ ಕುಂತು ಉಸಿರು ಎಣಿಸ್ತಾರ, ಒಂದರಿಂದ ಹತ್ತು, ಮತ್ತ ಒಂದರಿಂದ. ನಡುವ ತಪ್ಪಿದ್ರ ಬೈಯೂದಿಲ್ಲ, ಮತ್ತ ಒಂದು. ಅದು ಆವರ್ತನ, ತಾಳದ ಒಂದು ಪೂರ್ತಿ ಸುತ್ತು, ಅಲ್ಲದ ಮತ್ತೇನು? ಬೇರ್ಚ್ ಅವರು ಐಕಿಡೊ ಅನ್ನೂ ಜಪಾನಿ ಕಾದಾಟದ ವಿದ್ಯಾನೂ ಕಲತಾರ. 2018ರ ರೆಕಾರ್ಡಿಗೆ ಇಟ್ಟ 'ಅವಾಸೆ' ಅನ್ನೂ ಹೆಸರು ಆ ವಿದ್ಯಾದ್ದ, ಎದುರಿನವನ ಚಲನಿಗೆ ತನ್ನ ಚಲನಿ ಹೊಂದಿಸೂದು ಅಂತ ಅರ್ಥ. ಫಂಕ್, ಅಮೆರಿಕದ ಕುಣಿತದ ಸಂಗೀತ, ಆ ಕಡೆಯಿಂದ ಬಂದಿದ್ದು ಜೇಮ್ಸ್ ಬ್ರೌನ್ ಅವರು ಬ್ಯಾಂಡಿಗೆ ಹಾಕಿಕೊಟ್ಟ 'ಒಂದು' ಅನ್ನೂ ಪಾಠ, ಮೊದಲ ಮಾತ್ರೆಕ್ಕ ಎಲ್ಲಾ ತೂಕ. ಆ 'ಒಂದು' ನಮ್ಮ ಸಮ್. ಅಲ್ಲಿ ಅದನ್ನ ಪ್ರತಿ ಸಲ ಗುದ್ದತಾರ, ರೋನಿನ್ ಮಂದಿ ಅದನ್ನ ಬಚ್ಚಿಡತಾರ.

ಇದನ್ನ ಅಮೆರಿಕದ ಸಂಗೀತ ರಚನಾಕಾರ ಸ್ಟೀವ್ ರೀಚ್ ಅವರದರ ಜೋಡಿ ಗೊಂದಲ ಮಾಡ್ಕೋಬ್ಯಾಡ. ವಡಗಾಂವ ಓಣಿಯಾಗ ಎರಡು ಪವರ್‌ಲೂಮ್ ನಡೀತಾವಲ್ಲ, ಎರಡು ಮೋಟರು, ಒಂದು ಕೂದಲೆಳಿಯಷ್ಟು ಜೋರ. ಸಪ್ಪಳ ಕೂಡತಾವ, ಅಗಲತಾವ, ಮತ್ತ ಕೂಡತಾವ. 1967ರ ಅವರ 'ಪಿಯಾನೊ ಫೇಸ್' ಹಂಗ: 12 ಸ್ವರದ ಒಂದ ತುಣುಕನ್ನ ಇಬ್ಬರು ಬಾರಿಸ್ತಾರ, ಒಬ್ಬರು ಬೇಕಂತ ಒಂದು ಎಳಿ ಮುಂದ ಸರೀತಾರ. ನೀವು ಮಾಡಾಕತ್ತಿದ್ದು ಹಂಗಲ್ಲ. ನಿಮ್ಮದರಾಗ ಮೋಟರು ಒಂದ, ಸುತ್ತಿನ ಉದ್ದ ಬ್ಯಾರೆ ಬ್ಯಾರೆ. ಮೋಟರು ಜೋರ ಆತು ಅಂದ್ರ ಆಟನ ಕೆಡತೈತಿ.

ನಿಂದು ಜೋರ ಆಗೇತಿ. ಗಡಿಯಾರ ಇಟ್ಟು ನೋಡೀನಿ. ಸುರುವಿಗೆ ಒಂದು ಆವರ್ತನಕ್ಕ ಬರೋಬ್ಬರಿ 10 ಸೆಕೆಂಡು, ಅಂದ್ರ ನಿಮಿಷಕ್ಕ 96 ಮಾತ್ರೆ. ಒಂಬತ್ತನೇ ನಿಮಿಷಕ್ಕ ಅದ ಆವರ್ತನ 9 ಸೆಕೆಂಡಿನ ಮ್ಯಾಲ ಕಾಲು ಸೆಕೆಂಡು, ಅಂದ್ರ 104. ಡ್ರಮ್ಮಿನ ಹುಡುಗನ ಮ್ಯಾಲ ಹಾಕಬ್ಯಾಡ, ಅವ ನಿನ್ನ ಹಿಂದ ಓಡ್ಯಾನ. ಎಲ್ಲಿ ಓಡ್ತಿ ಅನ್ನೂದೂ ಸಿಕ್ಕೈತಿ: ಐದು ಮಾತ್ರೆದ ತುಣುಕು ಹದಿನಾರು ಮಾತ್ರೆದ ತೀನತಾಲದ ಮ್ಯಾಲ ಕುಂತಾಗ ಎರಡೂ ಕೂಡಾಕ 80 ಮಾತ್ರೆ ಬೇಕು, ಐದು ಆವರ್ತನ, 50 ಸೆಕೆಂಡು. ಆ ಐದನೇ ಆವರ್ತನದಾಗ ನಿನ್ನ ಕೈ ಓಡತೈತಿ. ಯಾಕಂದ್ರ ತಿಹಾಯಿ, ಮೂರು ಸಲ ಹೇಳಿ ಸಮ್ಮಿಗೆ ಬಂದು ಬೀಳೂ ತುಣುಕು, ಬಾರಿಸಿ ಬಾರಿಸಿ ಬೆಳದ ಕೈ ಅದು, ಸಮ್ಮಿನ ವಾಸನಿ ಬಂದ ಕೂಡಲೆ ಸಂಜೀಕೆ ಕೊಟ್ಟಿಗಿ ಕಂಡ ಎತ್ತಾಗತೈತಿ. ಆ ಕೈ ಹಂಗ ಮಾಡಿದವ ನಾನ. ಈ ಸಂಗೀತದಾಗ ತಿಹಾಯಿ ಇಲ್ಲ. ಸಮ್ ಬರತೈತಿ, ಹೋಗತೈತಿ, ಯಾರೂ ಕೈ ಎತ್ತಿ ತೋರಸೂದಿಲ್ಲ.

ಹಿಂಗ ಕೂಡು. ಮೊದಲ ತಬಲಾ ಮುಟ್ಟಬ್ಯಾಡ. ಕೈಲೆ ತೀನತಾಲದ ತಾಳಿ-ಖಾಲಿ ಹಾಕು, ತಾಳಿಗೆ ಚಪ್ಪಾಳಿ, ಖಾಲಿಗೆ ಬರೇ ಕೈ ಬೀಸೂದು; ಬಾಯಿಲೆ ಹತ್ತು ಮಾತ್ರೆದ ಝಪತಾಲದ ಮೊದಲ ಅರ್ಧ: ಧಿ ನಾ ಧಿ ಧಿ ನಾ. ನಿಮಿಷಕ್ಕ 60ರಾಗ. ತುಣುಕು ಹೊಸದಾಗಿ ಸುರುವಾಗೂ ಜಾಗ ಮೊದಲನೇ ಆವರ್ತನದಾಗ 1ನೇ ಮಾತ್ರೆ, ಎರಡನೇದರಾಗ 5, ಆಮ್ಯಾಲ 4, 3, 2, ಮತ್ತ 1. ಹಿಂದ ಹಿಂದ ಸರೀತೈತಿ ನೋಡು. ಇದಕ್ಕಿಂತ ಚೆಂದ ಒಂದೈತಿ, ನಿನ್ನೆ ರಾತ್ರಿ ಹಾಳಿ ಮ್ಯಾಲ ಬರದು ನೋಡಿದಾಗ ಸಿಕ್ಕಿದ್ದು. ಪ್ರತಿ ಆವರ್ತನದ ಸಮ್ಮಿಗೆ ಯಾವ ಬೋಲ್, ಅಂದ್ರ ತಬಲಾದ ಅಕ್ಷರ, ಬೀಳತೈತಿ ಅಷ್ಟ ಆರಿಸಿ ಓದು: ಮೊದಲನೇದಕ್ಕ ಧಿ, ಎರಡನೇದಕ್ಕ ನಾ, ಮೂರನೇದಕ್ಕ ಧಿ, ನಾಕನೇದಕ್ಕ ಧಿ, ಐದನೇದಕ್ಕ ನಾ. ಅದ ತುಣುಕು, ಹದಿನಾರು ಪಟ್ಟು ಸಾವಕಾಶ! 16ನ್ನ 5ರಿಂದ ಭಾಗಿಸಿದ್ರ 1 ಉಳೀತೈತಲ್ಲ, ಅದಕ್ಕ. ನೀ ಮ್ಯಾಲ ಬಾರಿಸಿದ್ದನ್ನ ಸಮ್ ಕೆಳಗ ಕುಂತು ತಾನೂ ಹೇಳಾಕತ್ತಿರತೈತಿ. ಇದು ಕಿವಿಗೆ ಹತ್ತಿತು ಅಂದ್ರ ಐದನೇ ಆವರ್ತನದಾಗ ಓಡೂ ಕಾರಣ ಇಲ್ಲ, ಅಲ್ಲಿ ನಿನಗ ಒಂದು 'ನಾ' ಸಾವಕಾಶ ಹೇಳೂದು ಬಾಕಿ ಇರತೈತಿ.

ನಡುವ ಬರೂ ಏಳರ ಭಾಗ ಇಷ್ಟು ಸರಳ ಇಲ್ಲ. ಏಳು ಮಾತ್ರೆದ ರೂಪಕ ತಾಳದ ತಿ ತಿ ನಾ ಧಿ ನಾ ಧಿ ನಾ ಹಿಡಿದ್ರ ಕೂಡಾಕ 112 ಮಾತ್ರೆ, 70 ಸೆಕೆಂಡು. ಸಮ್ಮಿನ ಬೋಲ್ ತಿ, ನಾ, ನಾ, ನಾ, ತಿ, ಧಿ, ಧಿ. ಲೆಕ್ಕಕ್ಕ ಹತ್ತೂದಿಲ್ಲ, ಬಾಯಿಪಾಠ ಮಾಡು. ಒಂದು ಲಾಭ ಐತಿ: ರೂಪಕದ ಸಮ್ಮಿಗೆ ಖಾಲಿ, ತೂಕ ಇಲ್ಲದ ಸುರುವಾತು. ಜಪಾನಿ ಮಂದಿ 'ಮಾ' ಅಂತಾರಲ್ಲ, ಎರಡು ಪೆಟ್ಟಿನ ನಡುವಿನ ಬಯಲು, ಅದರ ಹತ್ತಿರಕ್ಕ ಬರೂ ವಸ್ತು ನಮ್ಮ ಕಡೆ ಇದ್ರ ಇದ. ಪ್ರತಿ ತುಣುಕಿನ ಮೊದಲ ಬೋಲ್ ಒತ್ತಿ ಬಾರಿಸೂ ಚಾಳಿ ಬಿಡು. ಒತ್ತಿದ್ರ ಕೇಳೂವರಿಗೆ ಏಳರ ತಾಳನ ಖರೇ ಅನಸತೈತಿ, ಪಾಪ ಡ್ರಮ್ಮಿನವ ತಪ್ಪಿದಂಗ ಕೇಳಸತೈತಿ.

ಮೆಟ್ರೊನೋಮ್ 96ಕ್ಕ ಇಟ್ಟು ಆಳಾಗಬ್ಯಾಡ. 24ಕ್ಕ ಇಡು, ನಾಕು ಮಾತ್ರೆಕ್ಕೊಂದು ಟಿಕ್ ಸಾಕು. ಅದು ಕೂತ ಮ್ಯಾಲ ನಾಕು ಆವರ್ತನ ಟಿಕ್ ಹಚ್ಚಿ, ನಾಕು ಆವರ್ತನ ದನಿ ಬಂದ್ ಮಾಡಿ ಬಾರಿಸು, ಮತ್ತ ಹಚ್ಚಿದಾಗ ಎಲ್ಲಿ ಬೀಳತೈತಿ ನೋಡು. ನಿನ್ನ ಪೆಟ್ಟು ಟಿಕ್ಕಿಗಿಂತ ಮೊದಲ ಬಿತ್ತಂದ್ರ ಓಡೀದಿ. ಓಡೂದಕ್ಕಿಂತ ಮೊದಲ ದನಿ ದೊಡ್ಡದಾಗತೈತಿ, ಅದ ಮುನ್ಸೂಚನಿ. ದನಿ ಇಳಿಸಿದ್ರ ಲಯನೂ ತಾನಾಗಿ ಇಳೀತೈತಿ.

ಈಗ ಮಣಿಕಟ್ಟಿನ ಸುದ್ದಿ. ಮೂಗು ಮುರೀಬ್ಯಾಡ. 11 ನಿಮಿಷ ಅಂದ್ರ 66 ಆವರ್ತನ, 1056 ಮಾತ್ರೆ. ಮಾತ್ರೆಕ್ಕ ಬಲಗೈ ಎರಡು ಪೆಟ್ಟು ಅಂದ್ರೂ 2112. ದಿನಕ್ಕ ಆರು ಸಲ ತಾಲೀಮು ಮಾಡಿದ್ರ 12,672, ಎಲ್ಲಾ ಒಂದ ಕೋನದಾಗ, ಒಂದ ಬೆರಳಿಗೆ. ಕಾಯ್ದೆ ಅನ್ನೂ ತಬಲಾ ರಚನಾ ಬಾರಿಸಿದ್ರ ಪಲ್ಟಾ, ಅಂದ್ರ ಬೋಲ್ ಅದಲುಬದಲು, ಬರತೈತಿ, ಕೈ ತಿರುಗತೈತಿ, ನರಕ್ಕ ಬಿಡುವು ಸಿಗತೈತಿ. ಇಲ್ಲಿ ಸಿಗೂದಿಲ್ಲ. ಹೋದ ದೀಪಾವಳಿಗೆ ಪರೀಕ್ಷಾ ಮುಂದಿದ್ದಾಗ ನೀ ಮೂರು ದಿನ ಚಹಾದ ಕಪ್ಪು ಎಡಗೈಯಾಗ ಹಿಡದಿ. ಮೊದಲ ದಿನ ನಾ ನೋಡಿದೆ, ಕೇಳಲಿಲ್ಲ. ಎರಡನೇ ದಿನ ನೋಡಿ, ಧಿರಧಿರ ಅನ್ನೂ ಜೋರ ಬೋಲ್ ಇನ್ನೂ ಹತ್ತು ಸಲ ತಗಿ ಅಂದೆ. ಮೂರನೇ ದಿನ ಡಬ್ಬಿ ಮುಚ್ಚಳ ತಿರುವಾಕ ನಿಮ್ಮ ಅವ್ವನ್ನ ಕರದಿ. ಆವಾಗ ತಿಳೀತು.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಜುಮು ಅಂದ್ರ ಮಣಿಕಟ್ಟಿನ ನಡುವ ಹೋಗೂ ನರ ಒತ್ತೈತಿ ಅಂತ. ಕಿರುಬೆರಳು ಅಂದ್ರ ಅದು ಬ್ಯಾರೆ ನರ, ಮೊಳಕೈಯೂ ನೋಡಬೇಕು. ರಾತ್ರಿ ಕೈ ಮರಗಟ್ಟಿ ಎಚ್ಚರ ಆಗಾಕತ್ತಿದ್ರ ಎಣ್ಣಿ ಹಚ್ಚಿ ಸುಮ್ಮನಿರಬ್ಯಾಡ, ಡಾಕ್ಟರಿಗೆ ತೋರಿಸು. ತಬಲಾದ ಕೆಳಗಿನ ಸಿಂಬಿ ಎತ್ತರ ನೋಡು: ದಾಯಾಂ, ಬಲಗೈ ತಬಲಾ, ಭಾಳ ಹೊರಗ ವಾಲಿದ್ರ ಮಣಿಕಟ್ಟು ಸೊಟ್ಟ ಆಗತೈತಿ, ಮುಂಗೈ ಮತ್ತ ಅಂಗೈ ಬೆನ್ನು ಒಂದ ಗೆರಿಯಾಗ ಇರಬೇಕು. ದಿನಕ್ಕ ಎರಡು ಸಲ ಪೂರ್ತಿ ಬಾರಿಸು, ಉಳಿದ ನಾಕು ಸಲ ಬಾಯಿಲೆ ಹೇಳು. ಬಾಯಿಗೆ ಮಣಿಕಟ್ಟಿಲ್ಲ. ಮತ್ತ ಆ ಕಪ್ಪಿನ ದಿನ ನಾ ಕೇಳಿದ್ರ ನೀ ಹೇಳತಿದ್ದಿ ಏನು? ಇಲ್ಲ ಅನಸತೈತಿ. ಹೇಳೂ ಹಂಗ ನಾ ಇಟ್ಟಿರಲಿಲ್ಲ.

ಇದು ಉಪದೇಶ ಆತು. ಬ್ಯಾಡ ಅಂತ ಸುರು ಮಾಡಿದ್ದೆ.

ತಬಲಾದ ಸುರ್, ಅಂದ್ರ ಶ್ರುತಿ, ಬಗ್ಗೆ ಒಂದ ಮಾತು. ಪಿಯಾನೊ ನಿನ್ನ ಸಲುವಾಗಿ ಅಲುಗೂದಿಲ್ಲ, ಕಾಳಿ ಒಂದು, ಮೊದಲ ಕರಿ ಮನಿ, ಅಂದ್ರ ಕಾಳಿ ಒಂದ. ನಮ್ಮ ಮಳಿಗಾಲದಾಗ ತಬಲಾದ ಪುಡಿ, ಅಂದ್ರ ಮ್ಯಾಲಿನ ಚರ್ಮ, ತಂಪಾಗಿ ಇಳೀತೈತಿ, ಎಸಿ ಹಾಲಿನಾಗ ಒಣಗಿ ಏರತೈತಿ. ಅರ್ಧ ತಾಸು ಮೊದಲ ಸ್ಟೇಜಿನ ಮ್ಯಾಲ ಬಿಚ್ಚಿ ಇಡು, ಗಾಳಿಗೆ ಹೊಂದಿಕೊಂಡ ಮ್ಯಾಲ ಸುತ್ತಿಗಿ ಹಿಡಿ. ಬ್ಯಾರೆ ಕಛೇರಿಯಾಗ ನಡುವ ಎರಡು ಪೆಟ್ಟು ಹಾಕಿ ಸರಿ ಮಾಡಬಹುದು. ಇಲ್ಲಿ ಆ ಸಂದ ಸಿಗೂದಿಲ್ಲ, ಏರಿದ ಸುರ್ 11 ನಿಮಿಷ ಹಂಗ ಕುಂತಿರತೈತಿ.

ಆರನೇ ನಿಮಿಷದಾಗ ನೀ ಬಲಗೈ ಬಿಟ್ಟು ಬರೇ ಡಗ್ಗಾದ ಮ್ಯಾಲ ಎರಡು ಆವರ್ತನ ನಿಂತಿ. ತುಂಬೂ ಜಾಗ ಇತ್ತು, ತುಂಬಲಿಲ್ಲ. ಅದನ್ನ ನಾ ಕಲಿಸಿದ್ದಲ್ಲ. ನಾಕು ಸಲ ಹಿಂದ ಹಾಕಿ ಕೇಳಿದೆ, ನಿಮ್ಮ ಅವ್ವ ಬಂದು 'ಇದ ಏನು ಸಿಕ್ಕೊಂಡದ್ದು' ಅಂದಳು.

ಶನಿವಾರ ನಾ ಬರೂದಿಲ್ಲ. ನಾ ಎದುರಿಗೆ ಕುಂತ್ರ ನೀ ಸಮ್ಮಿಗೆ ನನ್ನ ಮಾರಿ ನೋಡ್ತಿ. ಪಾರ್ಸಲ್ಲಿನಾಗ ಕುಂದಾ ಕಳಿಸೀನಿ, ಬ್ಯಾಂಡಿನವರಿಗೂ ಕೊಡು. ಚಿಕ್ಕ ಸುತ್ತಿಗಿನೂ ಐತಿ, ನೀ ಇಲ್ಲೇ ಮರತು ಹೋಗಿದ್ದಿ.

ರೆಕಾರ್ಡಿಂಗ್ ಜೋಡಿ ಕಳಿಸಿದ ಫೋಟೊದಾಗ ನೀ ಚಹಾದ ಗ್ಲಾಸ್ ಎಡಗೈಯಾಗ ಹಿಡದಿ. ಬಲಗೈ ಕಾಣಸೂದಿಲ್ಲ, ಮೊಬೈಲ್ ಹಿಡದಿದ್ದೋ ಏನೋ. ಫೋನ್ ಮಾಡಿ ಅದೊಂದು ಹೇಳು.

ನಿನ್ನ ಅಪ್ಪ