ಅಪ್ಪನಿಗೆ, ಕಪ್ ವಿಚಾರವಾಗಿ

ಲೆವರ್ಕುಸೆನ್
28 ಮೇ 2024

ಅಪ್ಪಾ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಊಟ ಸರಿಯಾಗಿ ಮಾಡ್ತಿದ್ದೀನಿ ಅಂತ ಅಮ್ಮನಿಗೆ ಮೊದಲೇ ಹೇಳಿಬಿಡಿ, ಇಲ್ಲಾಂದ್ರೆ ಪತ್ರ ಪೂರ್ತಿ ಓದೋಕೆ ಬಿಡಲ್ಲ.

ಬುಧವಾರ ನಮ್ಮ ಆರ್‌ಸಿಬಿ ರಾಜಸ್ಥಾನದ ಕೈಲಿ ಸೋತ ಮೇಲೆ ನೀವು ಫೋನ್ ಎತ್ತಲಿಲ್ಲ. ಅರ್ಥವಾಯಿತು. ಅದಕ್ಕೇ ಬರೀತಿದ್ದೇನೆ. ಅವತ್ತು ನನಗೆ ಎರಡು ಸೋಲು. ನಮ್ಮ ಮ್ಯಾಚ್ ಮುಗಿದ ಸ್ವಲ್ಪ ಹೊತ್ತಿಗೆ ಡಬ್ಲಿನ್‌ನಲ್ಲಿ ಯುರೋಪಾ ಲೀಗ್ ಅನ್ನೋ ಫುಟ್‌ಬಾಲ್ ಟೂರ್ನಿಯ ಫೈನಲ್ ಇತ್ತು. ಅಲ್ಲಿ ಇಟಲಿಯ ಅಟಲಾಂಟ ತಂಡದ ಎದುರು ಈ ಊರಿನವರು 3-0 ಸೋತರು. ಅದಕ್ಕೆ ಮುಂಚೆ ಸತತ 51 ಮ್ಯಾಚ್ ಸೋತೇ ಇರಲಿಲ್ಲ, ಗೊತ್ತಾ?

ನೀವು ದಿನಾ ಊಟ ಆದ ಮೇಲೆ ನುಂಗೋ ಆಸ್ಪಿರಿನ್ ಮಾತ್ರೆ ಇದೆಯಲ್ಲ, ಆ ಹೆಸರು ಇಟ್ಟ ಬಾಯರ್ ಕಂಪನಿಯ ಊರು ಇದು. ಅಲ್ಲಿನ ಕಾರ್ಮಿಕರು 1904ರಲ್ಲಿ ಕಟ್ಟಿಕೊಂಡ ಕ್ಲಬ್ಬೇ ಬಾಯರ್ ಲೆವರ್ಕುಸೆನ್. ನೂರಿಪ್ಪತ್ತು ವರ್ಷ ಆದರೂ ಒಂದು ಸಲವೂ ಜರ್ಮನಿಯ ಲೀಗ್ ಗೆದ್ದಿರಲಿಲ್ಲ. ಊರಿಗೇ ಅಡ್ಡಹೆಸರು ಬಿದ್ದಿತ್ತು, ‘ಫೀಟ್ಸೆಕುಸೆನ್’ ಅಂತ. ಫೀಟ್ಸೆ ಅಂದರೆ ಉಪ. ಯಾವಾಗಲೂ ಉಪ, ಯಾವತ್ತೂ ಮುಖ್ಯ ಅಲ್ಲ. ‘ಈ ಸಲ ಕಪ್ ನಮ್ದೇ’ ಅಂದಾಗ ನಿಮ್ಮ ಆಫೀಸಿನವರು ನಗ್ತಾರಲ್ಲ, ಅದೇ ನಗು.

ನನ್ನ ಮನೆ ಓನರ್ ಅಜ್ಜಿಯ ಯಜಮಾನರು ಆ ಫ್ಯಾಕ್ಟರಿಯಲ್ಲೇ ಶಿಫ್ಟ್ ಕೆಲಸ ಮಾಡಿದವರು. ಅಜ್ಜಿಗೆ ಹಳೇ ಗಾಯಗಳೆಲ್ಲ ಬಾಯಿಪಾಠ. 2000ದಲ್ಲಿ ಕೊನೇ ಮ್ಯಾಚ್ ಡ್ರಾ ಮಾಡಿದ್ರೆ ಸಾಕಿತ್ತು. ಮ್ಯೂನಿಕ್ ಪಕ್ಕದ ಉಂಟರ್‌ಹಾಖಿಂಗ್ ಅನ್ನೋ ಪುಟ್ಟ ಊರಲ್ಲಿ, ಇವರ ಆಟಗಾರ ಬಲಾಕ್ ತನ್ನದೇ ಗೋಲಿಗೆ ಚೆಂಡು ಹೊಡೆದು, 2-0 ಸೋತರು. 2002ರಲ್ಲಿ ಇನ್ನೂ ಘೋರ. ಹನ್ನೆರಡು ದಿನದೊಳಗೆ ಲೀಗ್ ಹೋಯಿತು, ಜರ್ಮನ್ ಕಪ್ ಫೈನಲ್ ಹೋಯಿತು, ಯುರೋಪಿನ ಚಾಂಪಿಯನ್ಸ್ ಲೀಗ್ ಫೈನಲ್ಲೂ ಹೋಯಿತು.

ಈ ವರ್ಷ ಏಪ್ರಿಲ್ 14, ಭಾನುವಾರ. ವೆರ್ಡರ್ ಬ್ರೆಮೆನ್ ಎದುರು ಗೆದ್ದರೆ ಲೀಗ್ ನಮ್ಮದು. ಸ್ಟೇಡಿಯಂನಲ್ಲಿ ಬರೀ ಮೂವತ್ತು ಸಾವಿರ ಜನಕ್ಕೆ ಜಾಗ, ಟಿಕೆಟ್ ಎಲ್ಲಿ ಸಿಗುತ್ತೆ? ಅಜ್ಜಿ ಮನೆಯ ಟಿವಿ ಮುಂದೆ ಕೂತೆ. ಅಜ್ಜಿ ಮಾತ್ರ ಟಿವಿ ಕಡೆ ತಲೆ ಹಾಕಲಿಲ್ಲ. ಅಡುಗೆಮನೆಯಲ್ಲಿ ಷ್ಪಾರ್ಗೆಲ್ ಸಿಪ್ಪೆ ಹೆರೀತಾ ಕೂತರು. ಅದೊಂದು ಬಿಳೀ ದಂಟು, ಕುಳ್ಳ ನುಗ್ಗೇಕಾಯಿ ಥರ ಇರುತ್ತೆ. ಮೊದಲು ಬೊನಿಫಾಸ್ ಪೆನಾಲ್ಟಿ, ಆಮೇಲೆ ಝಾಕಾ ದೂರದಿಂದ, ಆಮೇಲೆ ವಿರ್ಟ್ಜ್. 3-0 ಆಯ್ತು ಅಂತ ಕೂಗಿದೆ. ‘ಇನ್ನೆಷ್ಟು ನಿಮಿಷ?’ ಅಂದರು. ಇಪ್ಪತ್ತೆರಡು ಅಂದೆ. ‘ಹಾಗಾದ್ರೆ ಇನ್ನೂ ಬೇಕಾದಷ್ಟು ಟೈಮಿದೆ ಸೋಲೋಕೆ’ ಅಂತ ಮತ್ತೆ ಹೆರೆಯೋಕೆ ಶುರು. ವಿರ್ಟ್ಜ್ ಇನ್ನೂ ಎರಡು ಹೊಡೆದ. 5-0. ಮ್ಯಾಚ್ ಪೂರ್ತಿ ಮುಗಿಯೋ ಮುಂಚೆಯೇ ಜನ ಮೈದಾನಕ್ಕೆ ನುಗ್ಗಿದರು. ಆಗ ಅಜ್ಜಿ ಕೈಯಲ್ಲಿ ಚಾಕು ಹಿಡ್ಕೊಂಡೇ ಬಾಗಿಲಿಗೆ ಬಂದು ನಿಂತರು. ಅಳಲಿಲ್ಲ, ನಗಲೂ ಇಲ್ಲ. ‘ಬಾಯರ್ನ್ ಮ್ಯೂನಿಕ್ ಎಷ್ಟನೇ ಜಾಗದಲ್ಲಿದೆ?’ ಅಂತ ಕೇಳಿದರು. ಹನ್ನೊಂದು ವರ್ಷ ಸತತವಾಗಿ ಗೆದ್ದ ತಂಡ ಅದು. ಕೊನೆಗೆ ಮೂರನೇ ಜಾಗಕ್ಕೆ ಬಂತು.

ಇಲ್ಲಿ ಪ್ಲೇಆಫ್, ಫೈನಲ್ ಏನೂ ಇಲ್ಲ ಅಪ್ಪಾ. 18 ತಂಡ, ತಲಾ 34 ಮ್ಯಾಚ್, ಪಾಯಿಂಟ್ ಜಾಸ್ತಿ ಇದ್ದವರೇ ಚಾಂಪಿಯನ್. ಲೆವರ್ಕುಸೆನ್ 28 ಗೆದ್ದು, 6 ಡ್ರಾ ಮಾಡಿತು. ಸೋತಿದ್ದು ಸೊನ್ನೆ. ಕೋಚ್ ಷಾಬಿ ಅಲೊನ್ಸೊ ಬಂದಾಗ, 2022ರ ಅಕ್ಟೋಬರ್‌ನಲ್ಲಿ, ತಂಡ ಕೆಳಗಿಂದ ಎರಡನೇದು. ಕೊನೇ ಎರಡು ತಂಡ ನೇರ ಕೆಳಗಿನ ಡಿವಿಷನ್‌ಗೆ ಇಳೀತವೆ. ಐಪಿಎಲ್‌ನಲ್ಲೂ ಹಾಗಿದ್ದಿದ್ರೆ 2019ರಲ್ಲಿ ನಮ್ಮ ಕಥೆ ಏನಾಗ್ತಿತ್ತು ಹೇಳಿ. ಬೈಬೇಡಿ. ಈ ಸಲ ಪಕ್ಕದ ಕೋಲ್ನ್ ತಂಡ ಇಳಿಯಿತು. ಅಜ್ಜಿ ಬಾಯಿಂದ ‘ಪಾಪ’ ಅಂತಲೂ ಬರಲಿಲ್ಲ.

ಲೀಗ್ ಕೈಗೆ ಬಂದ ಮೇಲೂ ಇವರು ನಮ್ಮನ್ನು ಸುಮ್ನೆ ಕೂರೋಕೆ ಬಿಡಲಿಲ್ಲ. ಡಾರ್ಟ್ಮುಂಡ್ ಎದುರು 97ನೇ ನಿಮಿಷದಲ್ಲಿ ಸಮ ಮಾಡಿದರು, ಸ್ಟುಟ್‌ಗಾರ್ಟ್ ಎದುರು 96ರಲ್ಲಿ. ನಿಮ್ಮ ಬಿಪಿಗೆ ಆಗೋ ಆಟ ಅಲ್ಲ ಇದು.

ಮೇ 18 ನೆನಪಿದೆಯಾ? ಮಧ್ಯಾಹ್ನ ಇಲ್ಲಿ ಕೊನೇ ಮ್ಯಾಚ್, ಆಗ್ಸ್‌ಬುರ್ಗ್ ಎದುರು 2-1. ಇವರಿಗೆ ಕೊಡೋದು ಕಪ್ ಅಲ್ಲ, ಬೆಳ್ಳಿ ತಟ್ಟೆ, ಅಮ್ಮನ ಆರತಿ ತಟ್ಟೆಯ ನಾಲ್ಕರಷ್ಟು ಇರಬಹುದು. ಅದನ್ನು ಎತ್ತಿದ್ದು ನೋಡಿ, ಮೊಬೈಲ್‌ನಲ್ಲಿ ಚಿನ್ನಸ್ವಾಮಿಗೆ ಬಂದೆ. ಕೊನೇ ಓವರ್‌ನಲ್ಲಿ ಧೋನಿ ಸಿಕ್ಸ್ ಹೊಡೆದಾಗ ಮನೆಗೆ ಫೋನ್ ಮಾಡಿದೆ. ‘ನಿಮ್ಮಪ್ಪ ಹಿತ್ತಲಲ್ಲಿ ಕತ್ತಲಲ್ಲಿ ನಿಂತವ್ರೆ, ಕರೆದ್ರೂ ಬರ್ತಿಲ್ಲ’ ಅಂದಳು ಅಮ್ಮ. ಇದನ್ನು ಅಜ್ಜಿಗೆ ಹೇಳಿದೆ. ‘ನಿಮ್ಮಪ್ಪ ತಿಳಿದವರು’ ಅಂದರು.

ಡಬ್ಲಿನ್ ಸೋಲಿನ ಮೂರೇ ದಿನಕ್ಕೆ ಬರ್ಲಿನ್‌ನಲ್ಲಿ ಜರ್ಮನ್ ಕಪ್ಪೂ ಗೆದ್ದರು. ಅರ್ಧ ಮ್ಯಾಚ್ ಹತ್ತೇ ಜನ ಆಡಿ, 1-0.

ಅಜ್ಜಿ ನಿಮಗೆ ಅಂತ ಯಜಮಾನರ ಹಳೇ ಸ್ಕಾರ್ಫ್ ಕೊಟ್ಟಿದ್ದಾರೆ. ಕೆಂಪು ಕಪ್ಪು, ನಮ್ಮ ಆರ್‌ಸಿಬಿಯ ಹಳೇ ಬಣ್ಣವೇ. ಒಂದು ತುದಿಯಲ್ಲಿ ಸಿಗರೇಟ್ ಸುಟ್ಟ ತೂತಿದೆ, ಉಂಟರ್‌ಹಾಖಿಂಗ್ ದಿನದ್ದಂತೆ. ಅಮ್ಮ ಹೊಲಿಯೋಕೆ ಹೋಗದಿರಲಿ. ಡಿಸೆಂಬರ್‌ನಲ್ಲಿ ತರ್ತೀನಿ. ಹಿತ್ತಲಿಗೆ ಹೋಗುವಾಗ ಹಾಕ್ಕೊಳ್ಳಿ, ಚಳಿ ಇರುತ್ತೆ.

ನಿಮ್ಮ ಮಗಳು