ಪುಟ್ಟಿಯ ಪರೀಕ್ಷೆ, ನಿನ್ನ ಗಡಿಬಿಡಿ

ತೀರ್ಥಹಳ್ಳಿ

ಪ್ರೀತಿಯ ತಮ್ಮಾ,

ಫೋನಲ್ಲಿ ಹೇಳಿದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ದೀಪಾವಳಿಗೆ ಬಂದಾಗ ನಿನ್ನ ಮಗಳು ಪುಟ್ಟಿ ರಾತ್ರಿ ಅಡಿಕೆ ಸುಲಿಯಲು ಕೂತಿದ್ದಳಲ್ಲ, ನೆನಪಿದೆಯಾ? ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವ ಹೆಂಗಸರ ಜೊತೆ ಎಷ್ಟು ನಗುತ್ತಿದ್ದಳು! ಆಗ ನೀನು ಜಗಲಿಯಿಂದಲೇ ಕೂಗಿದೆ, "ಮಾಕ್ ಟೆಸ್ಟ್ ಮಾರ್ಕ್ಸ್ ಬಂತಾ?" ಅಂತ. ಅವಳ ಕೈ ಅಲ್ಲೇ ನಿಂತಿತು. ಆಮೇಲೆ ಅಡಿಕೆಯನ್ನು ಸಿಪ್ಪೆಯ ರಾಶಿಗೆ ಹಾಕಿದಳು, ಸಿಪ್ಪೆಯನ್ನು ಬುಟ್ಟಿಗೆ. ಊಟಕ್ಕೆ ಕೂತರೆ ಹೋಳಿಗೆ ಅರ್ಧ ಬಿಟ್ಟು ಎದ್ದಳು. ನೀನು ನೋಡಲಿಲ್ಲ, ನಾನು ನೋಡಿದೆ.

ನಾನೂ ಇದೇ ತಪ್ಪು ಮಾಡಿದವಳು. ನನ್ನ ಮಗ ಎಂಜಿನಿಯರಿಂಗ್ ಸೀಟಿಗೆ ಸಿಇಟಿ ಪ್ರವೇಶ ಪರೀಕ್ಷೆ ಬರೆದ ವರ್ಷ ಪಕ್ಕದ ಮನೆ ಹುಡುಗನ ಮಾರ್ಕ್ಸೆಲ್ಲ ನನಗೆ ಬಾಯಿಪಾಠ. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆವರೆಗೆ ಓದಿಸಿದೆ, ಕಾಫಿ ಬೇರೆ ಮಾಡಿಕೊಟ್ಟೆ. ಮಾರನೇ ದಿನ ದಿನಾ ಮಾಡುತ್ತಿದ್ದ ಲೆಕ್ಕವೇ ತಲೆಗೆ ಬರಲಿಲ್ಲವಂತೆ. ಅದನ್ನು ಅವನು ನನ್ನ ಹತ್ತಿರ ಹೇಳಿದ್ದು ಕೆಲಸಕ್ಕೆ ಸೇರಿದ ಮೇಲೆ.

ಈಗಿನ ಪದ್ಧತಿಯಲ್ಲಿ ಒಂದೇ ದಿನಕ್ಕೆ ಎಲ್ಲ ಮುಗಿಯುವುದಿಲ್ಲ. 2024ರಿಂದ ದ್ವಿತೀಯ ಪಿಯುಸಿಗೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯಬಹುದು, ಜಾಸ್ತಿ ಬಂದ ಅಂಕ ಉಳಿಯುತ್ತದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯದು ಅರ್ಧ, ಸಿಇಟಿಯದು ಅರ್ಧ. ಕಾಲೇಜಿನ ಪಾಠ ದಂಡ ಅಂತ ಅವಳ ಮುಂದೆ ಇನ್ನೊಮ್ಮೆ ಹೇಳಬೇಡ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೂ 80 ನಿಮಿಷ, 60 ಪ್ರಶ್ನೆ, ತಪ್ಪಾದರೆ ಅಂಕ ಕಳೆಯುವುದಿಲ್ಲ. ಡಾಕ್ಟರ್ ಸೀಟಿನ ನೀಟ್‌ ಪರೀಕ್ಷೆಯಲ್ಲಿ ಸರಿಗೆ ನಾಲ್ಕು, ತಪ್ಪಿಗೆ ಒಂದು ಕಟ್. ಒಂದರಲ್ಲಿ ಯಾವುದನ್ನೂ ಖಾಲಿ ಬಿಡಬಾರದು, ಇನ್ನೊಂದರಲ್ಲಿ ಬಿಡುವುದೂ ಜಾಣತನ. ಒಂದೇ ದಿನ ಎರಡರ ಟೆಸ್ಟನ್ನೂ ಬರೆಸಿದರೆ ಮಗು ಗೊಂದಲಕ್ಕೆ ಬೀಳದೆ ಏನಾಗುತ್ತದೆ?

ಡಾಕ್ಟರ್ ಅಂದರೆ ಮನುಷ್ಯರಿಗೇ ಆಗಬೇಕಾ? ನಮ್ಮ ಕೊಟ್ಟಿಗೆಗೆ ಹೋದರೆ ಆ ಹುಡುಗಿ ಕರುವನ್ನು ಬಿಟ್ಟು ಬರುವುದಿಲ್ಲ. ಶಿವಮೊಗ್ಗದಲ್ಲೇ ಪಶುವೈದ್ಯ ಕಾಲೇಜಿದೆ. ಇರುವಕ್ಕಿಯಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ. ಸುಮ್ನೆ ಒಂದು ದಿನ ಕರೆದುಕೊಂಡು ಹೋಗಿ ತೋರಿಸು. ಸೇರಿಸು ಅಂತ ನಾನು ಹೇಳುತ್ತಿಲ್ಲ.

ರ‍್ಯಾಂಕು, ಸೀಟಿನ ಮಾತು ಭಾನುವಾರ ತಿಂಡಿ ಆದ ಮೇಲೆ ಅರ್ಧ ಗಂಟೆ ಮಾತ್ರ ಇರಲಿ. ಉಳಿದ ದಿನ ಊಟದ ಹೊತ್ತಿಗೆ ಬೇರೆ ಮಾತಾಡಿ. ರಾತ್ರಿ ಹತ್ತೂವರೆಗೆ ದೀಪ ಆರಿಸು. ಪುಟ್ಟಿ ಹತ್ತರವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದವಳು. ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮಕ್ಕೂ ಬೇಕಾದ ದಾಖಲೆ ಹುಡುಕಿ ಇಡುವುದು ನಿನ್ನ ಕೆಲಸ, ಅವಳದ್ದಲ್ಲ. ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಕೊಡುವಾಗ, ಕೈ ಬಿಗಿ ಮಾಡಬೇಡ. ನಾವು ಜಂಬಕ್ಕೆ ಐದೇ ಕಾಲೇಜು ಹಾಕಿ ಒದ್ದಾಡಿದ್ದು ಸಾಕು. ಮೊದಲು ಅಣಕು ಹಂಚಿಕೆ ಬರುತ್ತದೆ, ಯಾವ ಸೀಟು ಸಿಗಬಹುದು ಅಂತ ತೋರಿಸುವ ಪಟ್ಟಿ ಅದು. ಅದನ್ನು ನೋಡಿ ನಮ್ಮ ಪಟ್ಟಿ ಬದಲಿಸಬಹುದು. ಪಟ್ಟಿ ಅವಳೇ ಬರೆಯಲಿ, ನೀನು ಪಕ್ಕದಲ್ಲಿ ಕೂತಿರು.

ಎಳ್ಳಮಾವಾಸ್ಯೆ ಜಾತ್ರೆಗೆ ಎರಡು ದಿನ ಅವಳನ್ನು ಇಲ್ಲಿಗೆ ಕಳಿಸು. ಪುಸ್ತಕ ತಂದರೂ ಸರಿ, ತರದಿದ್ದರೂ ಸರಿ. ತೆಪ್ಪೋತ್ಸವ ನೋಡಿಕೊಂಡು ಬರುತ್ತೇವೆ. ಸುಲಿತ ಆಗಲೂ ಮುಗಿದಿರುವುದಿಲ್ಲ, ಅವಳಿಗೊಂದು ಮೆಟ್ಟುಗತ್ತಿ ತೆಗೆದಿಟ್ಟಿರುತ್ತೇನೆ.

ನಿನ್ನ ಅಕ್ಕ